ಐದು ಅಂಕದ ದುಡಿ

ಹೋದ ದೀಪಾವಳಿಗೆ ಶೇಡಬಾಳಕ್ಕ ಹೋದಾಗ ಅಣ್ಣನ ಮಗಳು ಬಾಯಿಪಾಠ ಮಾಡ್ತಿದ್ದಳು: 'ದುಡಿ ಚೋಮನ ನೋವಿನ ಸಂಕೇತ.' ಐದು ಅಂಕದ ಪ್ರಶ್ನೆಯಂತೆ. ಶಿವರಾಮ ಕಾರಂತರ 1933ರ 'ಚೋಮನ ದುಡಿ' ಅವಳ ನೋಟ್ಸಿನಲ್ಲಿ ಅಷ್ಟಕ್ಕೇ ಮುಗಿದಿತ್ತು. ಕಾದಂಬರಿ ಓದೀಯೇನ ಅಂದೆ. 'ನೋಟ್ಸ್ ಸಾಕು ಕಾಕಾ.'

ಕಥಾವಸ್ತು, ಪಾತ್ರ, ಸಂಕೇತ ಅಂತ ಕಲಿಸೋದು ತಪ್ಪಲ್ಲ. ಆದರೆ ಕೋಡ್ ಬಿಟ್ಟು ಬರೀ ಕಾಮೆಂಟ್ ಓದಿಸಿದಂಗ ಕಲಿಸ್ತೇವಿ. ದುಡಿ ಏನು ಅನ್ನೋದಕ್ಕಿಂತ ಅದನ್ನ ಯಾವಾಗ ಬಾರಿಸ್ತಾನ ಅಂತ ಕೇಳಬೇಕು. ಚೋಮ ಖುಷಿಗೂ ಬಾರಿಸ್ತಾನ, ಸಿಟ್ಟಿಗೂ ಬಾರಿಸ್ತಾನ; ಕಡೀಕ ಗುಡಿಸಲ ಬಾಗಿಲಾ ಹಾಕ್ಕೊಂಡು ಬಾರಿಸ್ತಾ ಸಾಯ್ತಾನ. 'ನೋವು' ಅನ್ನೋ ಒಂದು ಶಬ್ದದಾಗ ಇದೆಲ್ಲಾ ಹಿಡಿಯೋದಿಲ್ಲ.

ರಾತ್ರಿ ಇಬ್ಬರೂ ಕೂತು ಓದಿದ್ವಿ. ಎತ್ತಿನ ಜೋಡಿ ಬಂದಲ್ಲಿ ಆಕಿ ನಿಂತಳು. 'ಎತ್ತು ಸಾಕ್ಯಾನಲ್ಲ ಕಾಕಾ, ಹೊಲ ಯಾಕ ಕೊಡಂಗಿಲ್ಲ?'

'ಅವ ದಲಿತ ಅಂತ.'

ಮರುದಿನ ಮುಂಜಾನೆ ನಮ್ಮ ಕಬ್ಬು ಕಡಿಯೋರು ಬಂದಿದ್ರು. ಚಹಾ ಕೊಡಾಕ ಹೋದಾಕಿ, 'ನಿಮಗ ಎಷ್ಟ ಎಕರೆ ಹೊಲ ಐತ್ರಿ?' ಅಂತ ಕೇಳಿದಳು.

ಅಣ್ಣ ನನ್ನ ಮುಖ ನೋಡಿದ.