ಕತೆ ಸಿಗದ ಗೂನುಬೆನ್ನು

ಹೋರಿ ಕೊಳ್ಳಲು ಹೋದವರು ಹಲ್ಲು, ಕಾಲು ನೋಡಿದ ಹಾಗೆ ಹಿಣಿಲನ್ನೂ ನೋಡುತ್ತಾರೆ. ಹಿಣಿಲು ಎತ್ತರವಾಗಿ, ಬಿಗಿಯಾಗಿ ನಿಂತಿದ್ದರೆ ಹೋರಿಗೆ ಅದೇ ಕಳೆ. ಒಂಟೆಯ ಡುಬ್ಬದೊಳಗೆ ಎಲುಬೂ ಇಲ್ಲ, ನೀರೂ ಇಲ್ಲ. ಮೇವು ಸಿಗದ ದಿನಗಳಿಗೆಂದು ಕೂಡಿಟ್ಟ ಕೊಬ್ಬು ಅದು. ಸೂರಾ ಗಾಶಿಯಾದ 17ನೇ ಆಯತ್ ಒಂಟೆಯ ಸೃಷ್ಟಿಯ ಕಡೆಗೇ ನಮ್ಮ ಕಣ್ಣು ತಿರುಗಿಸುತ್ತದೆ. ಆದರೆ ಅಂಥದ್ದೇ ಉಬ್ಬು ಮನುಷ್ಯನ ಬೆನ್ನ ಮೇಲೆ ಬಂದರೆ? ಕನ್ನಡದಲ್ಲಿ 'ಗೂನ', ನಮ್ಮ ಮನೆಮಾತಿನಲ್ಲಿ 'ಕುಬ್ಡಾ'. ಅಲ್ಲಿಗೆ ಅವನ ಸ್ವಂತ ಹೆಸರು ಮುಗಿಯಿತು.

ಸಾಹಿತ್ಯ ಈ ಗೂನನನ್ನು ಹೇಗೆ ನೋಡಿದೆ? ನಾವೆಲ್ಲ ನಮ್ಮದು ಅಂತ ಹೆಮ್ಮೆಯಿಂದ ಹೇಳಿಕೊಳ್ಳುವ 'ಅಲ್ಫ್ ಲೈಲಾ'ದ ಗೂನನ ಕತೆಯನ್ನೇ ತಗೊಳ್ಳಿ. ಒಬ್ಬ ದರ್ಜಿ ಮತ್ತು ಅವನ ಹೆಂಡತಿ ದಾರಿಯಲ್ಲಿ ಸಿಕ್ಕ ಗೂನನನ್ನು ಊಟಕ್ಕೆ ಕರೆಯುತ್ತಾರೆ. ಹೆಂಡತಿ ತಮಾಷೆಗೆ ಅವನ ಬಾಯಿಗೆ ದೊಡ್ಡ ಮೀನಿನ ತುಂಡು ತುರುಕುತ್ತಾಳೆ. ಮುಳ್ಳು ಗಂಟಲಲ್ಲಿ ಸಿಕ್ಕಿ ಅವನು ಬಿದ್ದುಬಿಡುತ್ತಾನೆ. ಸತ್ತನೆಂದು ಹೆದರಿ ಅವನನ್ನು ಯೆಹೂದಿ ವೈದ್ಯನ ಮನೆಯಲ್ಲಿ ಬಿಟ್ಟು ಓಡುತ್ತಾರೆ. ವೈದ್ಯ ಕತ್ತಲಲ್ಲಿ ಎಡವುತ್ತಾನೆ, ತಾನೇ ಕೊಂದೆ ಎಂದುಕೊಂಡು ಹೆಣವನ್ನು ಪಕ್ಕದ ಮನೆಯೊಳಗೆ ಇಳಿಸುತ್ತಾನೆ. ಆ ಮನೆ ಸುಲ್ತಾನನ ಅಡುಗೆ ಉಗ್ರಾಣದ ಮುಸ್ಲಿಂ ಮೇಲ್ವಿಚಾರಕನದು. ಕಳ್ಳ ಬಂದನೆಂದು ಅವನು ಹೊಡೆಯುತ್ತಾನೆ, ಆಮೇಲೆ ಬಜಾರಿನ ಗೋಡೆಗೆ ಒರಗಿಸಿ ಬರುತ್ತಾನೆ. ಕುಡಿದು ಬಂದ ಕ್ರೈಸ್ತ ದಲ್ಲಾಳಿಯೂ ಹೊಡೆಯುತ್ತಾನೆ, ಸಿಕ್ಕಿಬೀಳುತ್ತಾನೆ.

ಕತೆಯ ಹೃದಯ ಇರುವುದು ಇದರ ನಂತರ. ದಲ್ಲಾಳಿಯ ಕೊರಳಿಗೆ ಹಗ್ಗ ಬಿದ್ದಾಗ ಮೇಲ್ವಿಚಾರಕ ಗುಂಪಿನೊಳಗಿಂದ ನುಗ್ಗಿ, ಕೊಂದದ್ದು ನಾನು ಅನ್ನುತ್ತಾನೆ. ಅವನ ಕೊರಳಿಗೆ ಹಗ್ಗ ಬಂದಾಗ ವೈದ್ಯ ಮುಂದೆ ಬರುತ್ತಾನೆ. ವೈದ್ಯನ ಸರದಿ ಬಂದಾಗ ದರ್ಜಿ. ತನ್ನ ತಪ್ಪಿಗೆ ಬೇರೆ ಧರ್ಮದ ಮನುಷ್ಯ ಸಾಯಬಾರದು ಅಂತ ಒಬ್ಬೊಬ್ಬನೂ ನೇಣಿನ ಕೆಳಗೆ ಬಂದು ನಿಲ್ಲುತ್ತಾನೆ. ಇವತ್ತಿನ ದಿನಗಳಲ್ಲಿ ಓದಿದರೆ ಗಂಟಲು ಕಟ್ಟುವ ಭಾಗ ಇದು. ನಮ್ಮ ಸಭೆಗಳಲ್ಲಿ ಸೌಹಾರ್ದದ ಬಗ್ಗೆ ಮಾತಾಡುವವರು ಈ ಕತೆಯನ್ನು ಇನ್ನೂ ಹೆಚ್ಚು ಹೇಳಬೇಕು.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಇದಕ್ಕಿಂತ ವಿಚಿತ್ರವಾದ ಕತೆ ಹೇಳಿ, ಇಲ್ಲದಿದ್ದರೆ ನಾಲ್ವರಿಗೂ ಸಾವು ಅನ್ನುತ್ತಾನೆ ಸುಲ್ತಾನ. ಅವರು ಹೇಳುವ ಕತೆಗಳನ್ನು ಗಮನವಿಟ್ಟು ಓದಿ. ದಲ್ಲಾಳಿ ಹೇಳುವುದು ಬಲಗೈ ಕಳಕೊಂಡ ಯುವಕನ ಕತೆ. ಮೇಲ್ವಿಚಾರಕನದು ಹೆಬ್ಬೆರಳುಗಳು ಹೋದವನದು. ವೈದ್ಯನದು ಮತ್ತೊಬ್ಬ ಕೈ ಇಲ್ಲದವನದು, ದರ್ಜಿಯದು ಕುಂಟನದು. ಆ ಕುಂಟನ ಕತೆಯೊಳಗೆ ಬರುವ ಬಾಯಿಬಡುಕ ಕ್ಷೌರಿಕ ತನ್ನ ಆರು ಜನ ಅಣ್ಣತಮ್ಮಂದಿರ ಕತೆ ಹೇಳುತ್ತಾನೆ. ಅವರಲ್ಲೂ ಒಬ್ಬ ಕುರುಡ, ಒಬ್ಬ ಒಕ್ಕಣ್ಣ, ಒಬ್ಬನ ಕಿವಿ ಕತ್ತರಿಸಲಾಗಿದೆ. ಯುವಕರ ಕೈ ಯಾಕೆ ಹೋಯಿತು, ಬೆರಳು ಯಾಕೆ ಹೋಯಿತು, ಎಲ್ಲಕ್ಕೂ ಉತ್ತರ ಸಿಗುತ್ತದೆ. ಗೂನನ ಬೆನ್ನು ಯಾಕೆ ಬಾಗಿತು? ಯಾರೂ ಕೇಳುವುದಿಲ್ಲ. ಅವನು ಸುಲ್ತಾನನ ವಿದೂಷಕನಾಗಿದ್ದ ಅನ್ನುವುದಷ್ಟೇ ಅವನ ಪರಿಚಯ. ಕೊನೆಗೆ ಕ್ಷೌರಿಕ ಇಕ್ಕಳದಿಂದ ಮುಳ್ಳು ತೆಗೆದಾಗ ಗೂನ ಸೀನಿ ಎದ್ದು ಕೂರುತ್ತಾನೆ, ಎಲ್ಲರೂ ನಗುತ್ತಾರೆ. ಅಷ್ಟೆಲ್ಲ ಕೈ ದಾಟಿ ಬಂದವನಿಗೆ ಹೇಳಿಕೊಳ್ಳಲು ಏನೂ ಇರಲಿಲ್ವಾ?

ಗೂನಿಗೂ ಕಾರಣ ಇರುತ್ತದೆ. ಬೆನ್ನುಮೂಳೆಗೆ ಟಿಬಿ ತಗಲಿದರೆ ಮಣಿಗಳು ಸವೆದು ಕುಸಿಯುತ್ತವೆ, ಬೆನ್ನು ಚೂಪಾಗಿ ಉಬ್ಬುತ್ತದೆ. ಇಂಗ್ಲಿಷ್ ವೈದ್ಯ ಪರ್ಸಿವಲ್ ಪಾಟ್ 1779ರಲ್ಲಿ ಇದನ್ನು ವಿವರಿಸಿ ಬರೆದ. ಬೇಗ ಗೊತ್ತಾದರೆ ಮಾತ್ರೆಗಳಿಂದಲೇ ವಾಸಿಯಾಗುವ ಕಾಯಿಲೆ. ವಯಸ್ಸಾದವರ ಎಲುಬು ಟೊಳ್ಳಾದರೂ ಬೆನ್ನು ಬಾಗುತ್ತದೆ.

ಇಂಗ್ಲೆಂಡಿನ ಸಾಹಿತ್ಯ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಷೇಕ್ಸ್‌ಪಿಯರ್ ಮೂರನೇ ರಿಚರ್ಡ್‌ನ ಬೆನ್ನ ಮೇಲೆ ಗೂನು ಇಟ್ಟು, ಅದರೊಳಗೆ ಅವನ ಕ್ರೌರ್ಯವನ್ನು ತುಂಬಿದ. 1485ರಲ್ಲಿ ಯುದ್ಧದಲ್ಲಿ ಸತ್ತ ಆ ರಾಜನ ಅಸ್ಥಿಪಂಜರ 2012ರಲ್ಲಿ ಲೆಸ್ಟರ್ ಊರಿನ ಕಾರ್ ಪಾರ್ಕಿಂಗ್ ಜಾಗದ ಕೆಳಗೆ ಸಿಕ್ಕಿತು. ಅವನ ಬೆನ್ನುಮೂಳೆ ಪಕ್ಕಕ್ಕೆ ತಿರುಚಿತ್ತು, ಒಂದು ಭುಜ ತುಸು ಮೇಲಿದ್ದಿರಬೇಕು. ಒಳ್ಳೆ ದರ್ಜಿ ಹೊಲಿದ ಅಂಗಿಯೊಳಗೆ ಅದು ಹೆಚ್ಚು ಕಾಣುತ್ತಿರಲಿಲ್ಲ ಅನ್ನುತ್ತಾರೆ ಪರೀಕ್ಷಿಸಿದ ತಜ್ಞರು. ನಾಟಕದ ಆ ಗೂನು ಎಲುಬಿನಲ್ಲಿ ಸಿಗಲಿಲ್ಲ. ನಮ್ಮ ಸುತ್ತಲಿನ ರಂಗಭೂಮಿಯಲ್ಲೂ ಮಂಥರೆ ವೇದಿಕೆಗೆ ಬಂದ ಕೂಡಲೇ, ಅವಳು ಬಾಯಿ ತೆರೆಯುವ ಮೊದಲೇ, ಪ್ರೇಕ್ಷಕರು ಅವಳನ್ನು ಕೆಟ್ಟವಳೆಂದು ತೀರ್ಮಾನಿಸಿರುತ್ತಾರೆ.

ಈ ಲೆಕ್ಕದಲ್ಲಿ 'ಅಲ್ಫ್ ಲೈಲಾ' ಮೇಲು. ಅಲ್ಲಿ ಗೂನ ಕೆಟ್ಟವನಲ್ಲ. ಆದರೆ ಕೆಟ್ಟವನಲ್ಲ ಅಂದಮಾತ್ರಕ್ಕೆ ನ್ಯಾಯ ಸಿಕ್ಕಿತು ಅನ್ನಲಾಗದು. ಬೇರೆ ದಾರಿಯೂ ನಮ್ಮ ಪರಂಪರೆಯಲ್ಲೇ ಇತ್ತು. 9ನೇ ಶತಮಾನದ ಬಸ್ರಾದ ಅಮ್ರ್ ಬಿನ್ ಬಹ್ರ್ ತೊನ್ನಿನವರು, ಕುಂಟರು, ಕುರುಡರು, ಮೆಳ್ಳೆಗಣ್ಣಿನವರ ಬಗ್ಗೆಯೇ ಒಂದು ಪುಸ್ತಕ ಬರೆದರು. ಇಂಥವರಲ್ಲಿ ಕವಿಗಳಿದ್ದರು, ದೊಡ್ಡ ಮನುಷ್ಯರಿದ್ದರು ಎಂದು ಹೆಸರು ಹಿಡಿದು ತೋರಿಸಿದರು. ಆದರೂ ಲೋಕ ಅವರನ್ನು ನೆನಪಿಟ್ಟಿರುವುದು ಉಬ್ಬುಗಣ್ಣಿನ 'ಜಾಹಿಝ್' ಎಂಬ ಅಡ್ಡಹೆಸರಿನಿಂದಲೇ!

ಸೂರಾ ಹುಜುರಾತ್‌ನ 11ನೇ ಆಯತ್ ಅಡ್ಡಹೆಸರಿಟ್ಟು ಹೀಯಾಳಿಸುವುದನ್ನು ತಡೆಯುತ್ತದೆ. ಜುಮಾ ಬಯಾನ್‌ನಲ್ಲಿ ಕೇಳಿ ತಲೆದೂಗುತ್ತೇವೆ, ಹೊರಗೆ ಬಂದು 'ಕುಬ್ಡೇ ಚಾಚಾ' ಅಂತ ಕರೆಯುತ್ತೇವೆ. ಕತೆ ಬರೆಯುವವರು ನೀವಾದರೆ ನಿಮ್ಮ ಮುಂದಿನ ಕತೆಯಲ್ಲಿ ಅವರಿಗೊಂದು ಹೆಸರು ಕೊಡಿ, ನಾಲ್ಕು ಮಾತು ಕೊಡಿ. ಅವರು ಬೆನ್ನಿನ ಬಗ್ಗೆಯೇ ಮಾತಾಡಬೇಕೆಂದೇನಿಲ್ಲ. ಮನೆ ಬಾಡಿಗೆ ಬಗ್ಗೆ ಮಾತಾಡಲಿ, ಮಗಳ ಓದಿನ ಬಗ್ಗೆ ಮಾತಾಡಲಿ.