ಸ್ಕ್ಯಾನರ್ ಹೇಳಿದ್ದೇ ವೇದವೆ?

ನೀರು ಕುಡಿದ ಕಾರು ಗ್ಯಾರೇಜಿಗೆ ಬಂತೆಂದರೆ ಮೊದಲು ಹೊರಬರುವುದು ಸ್ಕ್ಯಾನರ್. ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿದರೆ ಸಾಕು, ಪರದೆ ತುಂಬ ಕೋಡ್‌ಗಳು. ಅದರ ಬೆನ್ನಿಗೇ ಎಸ್ಟಿಮೇಟ್. 2022ರ ಸೆಪ್ಟೆಂಬರ್‌ನ ನೆರೆಯಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಸುತ್ತಮುತ್ತ ದುಬಾರಿ ಕಾರುಗಳೇ ಮುಳುಗಿದ ಮೇಲಂತೂ ಈ ಪದ್ಧತಿಗೆ ಶಾಸ್ತ್ರದ ಗೌರವ ಬಂದಿದೆ. ಅಷ್ಟು ಗೌರವಕ್ಕೆ ಅದು ತಕ್ಕದ್ದಲ್ಲ.

ಸ್ಕ್ಯಾನರ್ ದಂಡ ಎಂದಲ್ಲ. ಒಂದೇ ಸೆನ್ಸರ್ ಕೆಟ್ಟ ಒಣ ಕಾರಿನಲ್ಲಿ ಅದು ಅರ್ಧ ದಿನದ ಹುಡುಕಾಟ ಉಳಿಸುತ್ತದೆ. ನೆರೆ ಕಾರಿನ ಮಾತೇ ಬೇರೆ.

‘ಯು0101’ ಎಂಬ ಕೋಡನ್ನೇ ನೋಡಿ. ಗೇರ್‌ಬಾಕ್ಸಿನ ಕಂಟ್ರೋಲ್ ಯೂನಿಟ್ಟಿನೊಂದಿಗೆ ಸಂಪರ್ಕ ತಪ್ಪಿದೆ ಎಂದಷ್ಟೇ ಅದರ ಅರ್ಥ. ಫೋನ್ ಎತ್ತದವನು ಸತ್ತೇ ಹೋದ ಎಂದುಕೊಂಡವರಂತೆ ಯೂನಿಟ್ಟನ್ನೇ ಬದಲಿಸಲು ಹೊರಡುವವರಿಗೆ ಕೊರತೆಯಿಲ್ಲ. ಯೂನಿಟ್ಟಿಗೆ ಕರೆಂಟೇ ತಲುಪದಿರಬಹುದು, ಕಪ್ಲರ್ ಒಳಗೆ ಪಿನ್ ಹಸಿರುಗಟ್ಟಿರಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಕಾರ್ಪೆಟ್ ಅಡಿಯ ಅರ್ತ್ ಬೋಲ್ಟ್ ತುಕ್ಕು ಹಿಡಿದಿರಬಹುದು. ಬೆಳ್ಳಂದೂರಿನದು ಶುದ್ಧ ಮಳೆನೀರೂ ಅಲ್ಲ. ಚರಂಡಿ, ಡಿಟರ್ಜೆಂಟ್ ಬೆರೆತ ನೀರು. ಅದು ಆರಿದ ಮೇಲೂ ಪಿನ್ನುಗಳ ನಡುವೆ ಉಪ್ಪಿನ ಪದರ ಬಿಟ್ಟುಹೋಗುತ್ತದೆ.

ಮಲ್ಟಿಮೀಟರ್ ಹಿಡಿದವರೂ ಎಡವುವುದು ಇಲ್ಲೇ. ಮೀಟರನ್ನು ಓಮ್‌ಗೆ ತಿರುಗಿಸಿ, ಅರ್ತ್ ವೈರಿಗೆ ಹಚ್ಚಿ, ಸೊನ್ನೆಯ ಹತ್ತಿರ ಬಂದರೆ ‘ಅರ್ತ್ ಸರಿಯಿದೆ’ ಎಂದುಬಿಡುತ್ತಾರೆ. ಇಪ್ಪತ್ತು ಎಳೆಗಳ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಓಮ್ ಮೀಟರಿನ ಅತಿ ಸಣ್ಣ ಕರೆಂಟು ಆರಾಮಾಗಿ ದಾಟುತ್ತದೆ. ಅರ್ಧ ಓಮ್ ತಡೆಯಿದ್ದರೂ ಮೀಟರಿನ ವೈರುಗಳದ್ದೇ ತಡೆಯಲ್ಲಿ ಅದು ಮುಚ್ಚಿಹೋಗುತ್ತದೆ. ಆದರೆ ಗೇರ್ ಹಾಕಿದೊಡನೆ ಸೊಲೆನಾಯ್ಡ್‌ಗಳು ಕರೆಂಟು ಎಳೆಯುತ್ತವೆ. ಆ ಅರ್ಧ ಓಮ್ ದಾಟಿ 4 ಆಂಪಿಯರ್ ಹರಿಯಬೇಕಾದರೆ 2 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ. ಕಾರು ಧಡ್ ಎಂದು ಒದ್ದು ಒಂದೇ ಗೇರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಸ್ಕ್ಯಾನರ್ ಗೇರ್‌ಬಾಕ್ಸನ್ನು ದೂರುತ್ತದೆ.

ಸರಿಯಾದ ಪರೀಕ್ಷೆ ಲೋಡ್ ಇಟ್ಟುಕೊಂಡೇ ಆಗಬೇಕು. ಮೀಟರ್ ವೋಲ್ಟ್‌ನಲ್ಲಿರಲಿ, ಕಪ್ಪು ಪಿನ್ ಬ್ಯಾಟರಿಯ ನೆಗೆಟಿವ್‌ಗೆ, ಕೆಂಪು ಪಿನ್ ಯೂನಿಟ್ಟಿನ ಅರ್ತ್ ಪಿನ್ನಿಗೆ. ಹೆಡ್‌ಲೈಟ್, ಬ್ಲೋವರ್ ಹಾಕಿ, ಬ್ರೇಕ್ ತುಳಿದು ಗೇರ್ ಬದಲಿಸುತ್ತಿರುವಾಗ ರೀಡಿಂಗ್ 0.1 ವೋಲ್ಟ್ ದಾಟಬಾರದು. ದಾಟಿದರೆ ದೋಷ ಅರ್ತ್ ದಾರಿಯಲ್ಲಿದೆ. ಉಪ್ಪುಕಾಗದದಿಂದ ಉಜ್ಜಿ ಬೋಲ್ಟ್ ಬಿಗಿ ಮಾಡುವಷ್ಟಕ್ಕೇ ಮುಗಿಯಬಹುದಾದ ಕೆಲಸ. ವೋಲ್ಟೇಜ್ ಡ್ರಾಪ್ ಟೆಸ್ಟ್ ಎಂಬ ಈ ಪರೀಕ್ಷೆಗೆ ಪ್ರಿಂಟ್‌ಔಟ್ ಮಾತ್ರ ಇಲ್ಲ.

ಇನ್ನೊಂದು ಪಂಥವಿದೆ: ‘ನೆರೆ ಕಾರಿಗೆ ಎಂಥ ಪರೀಕ್ಷೆ? ಟೋಟಲ್ ಲಾಸ್ ಮಾಡಿ ಕೈತೊಳೆದುಕೊಳ್ಳಿ.’ ನೀರು ಡ್ಯಾಶ್‌ಬೋರ್ಡ್ ದಾಟಿದ್ದರೆ, ಏರ್‌ಬ್ಯಾಗ್ ಯೂನಿಟ್ ಮುಳುಗಿದ್ದರೆ, ಅವರ ಮಾತು ಒಪ್ಪಲೇಬೇಕು. ಆದರೆ ರಿಪೇರಿ ಖರ್ಚು ವಿಮೆಯ ಘೋಷಿತ ಮೌಲ್ಯದ ಶೇ. 75 ದಾಟಿದರೆ ಟೋಟಲ್ ಲಾಸ್ ಎಂಬುದು ನಿಯಮ. ಆ ಖರ್ಚಿನ ಪಟ್ಟಿ ಹುಟ್ಟುವುದೆಲ್ಲಿ? ಸ್ಕ್ಯಾನರಿಗೆ ಉತ್ತರ ಕೊಡದ ಪ್ರತಿ ಯೂನಿಟ್ಟಿನ ಎದುರು ‘ಹೊಸದು’ ಎಂದು ಬರೆಯುವುದರಲ್ಲಿ. ಈ ಪಂಡಿತರು ತಾವು ಸ್ಕ್ಯಾನರ್ ಭಕ್ತರ ವಿರೋಧಿಗಳೆಂದು ಭಾವಿಸಿದ್ದಾರೆ. ಲೆಕ್ಕ ಮಾತ್ರ ಅವರಿಂದಲೇ ಕಡ ತಂದದ್ದು. ಹಾಗೆ ಟೋಟಲ್ ಲಾಸ್ ಎನಿಸಿದ ಕಾರುಗಳೆಲ್ಲ ಗುಜರಿಗೂ ಹೋಗುವುದಿಲ್ಲ. ಹರಾಜಾಗಿ, ಒಣಗಿ, ಪಾಲಿಶ್ ಆಗಿ ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಗೆ ಮರಳುವವೂ ಇವೆ.

ಗೇರ್‌ಬಾಕ್ಸಿನ ಹೊಟ್ಟೆಯೊಳಗಂತೂ ಸ್ಕ್ಯಾನರಿಗೆ ಕಣ್ಣೇ ಇಲ್ಲ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಬ್ರೀದರ್ ಮೂಲಕ ನೀರು ಇಳಿದರೆ ಕೆಂಪು ಆಯಿಲ್ ಗುಲಾಬಿ ನೊರೆಯಾಗುತ್ತದೆ. ಕ್ಲಚ್ ಪ್ಲೇಟಿನ ಲೈನಿಂಗ್ ಅಂಟು ಬಿಡುತ್ತದೆ. ಗೇರ್ ಅನುಪಾತ ತಪ್ಪಿದೆ ಎನ್ನುವ ‘ಪಿ0730’ ಕಾಣಿಸಿಕೊಳ್ಳುವುದು ಪ್ಲೇಟುಗಳು ಜಾರತೊಡಗಿದ ಮೇಲೆ. ಹಲವು ಹೊಸ ಗೇರ್‌ಬಾಕ್ಸ್‌ಗಳಿಗೆ ಡಿಪ್‌ಸ್ಟಿಕ್ಕೂ ಇಲ್ಲ. ಲಿಫ್ಟಿಗೇರಿಸಿ ಡ್ರೈನ್ ಪ್ಲಗ್ ಬಿಚ್ಚಿಯೇ ನೋಡಬೇಕು, ಅದೂ ಇಂಜಿನ್ ಸ್ಟಾರ್ಟ್ ಮಾಡುವ ಮೊದಲು. ಸ್ಕ್ಯಾನರಿಗೆ ಲೈವ್ ಡೇಟಾ ಬೇಕೆಂದು ಇಂಜಿನ್ ಓಡಿಸಿಬಿಟ್ಟರೆ, ಅಷ್ಟರಲ್ಲೇ ಪಂಪು ಆ ನೊರೆಯನ್ನು ವಾಲ್ವ್ ಬಾಡಿ, ಟಾರ್ಕ್ ಕನ್ವರ್ಟರ್, ಕೂಲರ್‌ಗೆಲ್ಲ ತಲುಪಿಸಿರುತ್ತದೆ.