ಗ್ರಂಥಋಣದ ಲೆಕ್ಕ

ಎನ್‌ಐಆರ್‌ಎಫ್ ಪಟ್ಟಿ ಪ್ರಕಟವಾದಾಗಲೆಲ್ಲ ಉತ್ತರ ಕರ್ನಾಟಕದಿಂದ ಈ ಕಡೆ ಬಂದು ನೆಲೆಸಿದ ನಮ್ಮವರ ನಡುವೆ ಎರಡು ಮಾತು ಕೇಳಿಸುತ್ತವೆ. ಒಂದು, ‘ಧಾರವಾಡದ ವಿಶ್ವವಿದ್ಯಾಲಯದ ಕತಿ ಮುಗೀತು.’ ಇನ್ನೊಂದು, ‘ಆ ಪಟ್ಟಿ ಇಂಗ್ಲಿಷಿನವರದು, ನಮ್ಮ ಕೆಲಸ ಅದರ ಕಣ್ಣಿಗೆ ಬೀಳೂದಿಲ್ಲ.’ ಎರಡನೆಯ ಮಾತಿನಲ್ಲಿ ಹುರುಳಿದೆ. ಆದರೆ ಆ ಕೆಲಸ ನಮ್ಮ ಕಣ್ಣಿಗಾದರೂ ಬೀಳುತ್ತಿದೆಯೇ?

ಪಟ್ಟಿಯ ಲೆಕ್ಕ ಸರಳ. ವಿಶ್ವವಿದ್ಯಾಲಯಗಳ ವಿಭಾಗದಲ್ಲಿ ಸಂಶೋಧನೆಗೆ 100ಕ್ಕೆ 30 ಅಂಕ. ಪ್ರಕಟಣೆ ಎಷ್ಟು, ಅವನ್ನು ಇತರರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬುದನ್ನು ಸ್ಕೋಪಸ್, ವೆಬ್ ಆಫ್ ಸೈನ್ಸ್ ಎಂಬ ಕೋಶಗಳಿಂದ ತೆಗೆಯುತ್ತಾರೆ. ಆ ಕೋಶಗಳಲ್ಲಿ ಧಾರವಾಡ ಇಲ್ಲವೆಂದಲ್ಲ. ಪಾಲಿಮರ್ ರಸಾಯನಶಾಸ್ತ್ರದ ಟಿ. ಎಂ. ಅಮಿನಭಾವಿ ಅವರ ಲೇಖನಗಳನ್ನು ಜಗತ್ತಿನ ಎಷ್ಟೋ ಪ್ರಯೋಗಾಲಯಗಳು ಉಲ್ಲೇಖಿಸಿವೆ. ಅದೇ ಕ್ಯಾಂಪಸ್ಸಿನ ಎಂ. ಎಂ. ಕಲಬುರ್ಗಿಯವರ ಕನ್ನಡ ಪುಸ್ತಕಗಳನ್ನು ಆ ಕೋಶಗಳಲ್ಲಿ ಹುಡುಕಲು ಹೋದರೆ ಕೈಗೆ ಏನೂ ಹತ್ತುವುದಿಲ್ಲ.

ಈ ವಿಶ್ವವಿದ್ಯಾಲಯ ಹುಟ್ಟಿದ್ದು ನಮ್ಮ ಮುಂಬಯಿಯಲ್ಲಿ. 1949ರಲ್ಲಿ ಮುಂಬಯಿ ಪ್ರಾಂತದ ಶಾಸನಸಭೆ ಮಾಡಿದ ಕಾಯ್ದೆಯಿಂದ ಬಂತು, ಮರುವರ್ಷ ಧಾರವಾಡಕ್ಕೆ ಹೋಯಿತು. ಅದಕ್ಕೂ ಹತ್ತು ವರ್ಷ ಮೊದಲೇ, 1939ರಲ್ಲಿ, ಮುಂಬಯಿ ಸರ್ಕಾರ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆಯನ್ನು ತೆರೆದಿತ್ತು. ಆರ್. ಎಸ್. ಪಂಚಮುಖಿ ಅದರ ಮೊದಲ ನಿರ್ದೇಶಕರು. ಊರೂರು ತಿರುಗಿ, ಕಲ್ಲಿನ ಅಚ್ಚು ತೆಗೆದು, ಓದಿ, ‘ಕರ್ನಾಟಕ್ ಇನ್‌ಸ್ಕ್ರಿಪ್ಷನ್ಸ್’ ಸಂಪುಟಗಳನ್ನು ತಂದರು, ಮೊದಲನೆಯದು 1941ರದು. ಸಂಸ್ಥೆ ಮುಂದೆ ವಿಶ್ವವಿದ್ಯಾಲಯದ ಭಾಗವಾಯಿತು, ಪಿ. ಬಿ. ದೇಸಾಯಿಯವರು ಆ ಕೆಲಸ ಮುಂದುವರಿಸಿದರು. ಅವರ ಸಂಪಾದಕತ್ವದಲ್ಲಿ 1970ರಲ್ಲಿ ಬಂದ ಕರ್ನಾಟಕದ ಇತಿಹಾಸವನ್ನು ಆಮೇಲೆ ಬರೆದವರು ಬಳಸುತ್ತಲೇ ಬಂದಿದ್ದಾರೆ. ಒಂದು ಶಾಸನದ ಪಾಠ ಒಮ್ಮೆ ಸರಿಯಾಗಿ ಅಚ್ಚಾದರೆ ಐವತ್ತು ವರ್ಷ ಬಾಳಿಕೆ ಬರುತ್ತದೆ. ಹಿಂದಿನ ಮೂರು ನಾಲ್ಕು ವರ್ಷಗಳ ಪ್ರಕಟಣೆ ಎಣಿಸುವ ಪಟ್ಟಿಗೆ ಆ ಬಾಳಿಕೆ ತಿಳಿಯುವ ದಾರಿಯಿಲ್ಲ.

ಕಲಬುರ್ಗಿಯವರ ಪಿಎಚ್.ಡಿ. ಪ್ರಬಂಧ ‘ಕವಿರಾಜಮಾರ್ಗ ಪರಿಸರದ ಕನ್ನಡ ಸಾಹಿತ್ಯ’. ಹೆಸರಿನಲ್ಲೇ ಪ್ರಶ್ನೆ ಇದೆ. ಒಂಬತ್ತನೆಯ ಶತಮಾನದ ಆ ಗ್ರಂಥದ ಸುತ್ತ ಇದ್ದ, ಈಗ ಕಳೆದುಹೋದ ಸಾಹಿತ್ಯ ಎಂಥದು? ಗ್ರಂಥವೇ ಸಿಗದಾಗ ಶಾಸನ, ಛಂದಸ್ಸು, ಇತರರ ಉಲ್ಲೇಖ ಇವುಗಳ ಎಳೆ ಹಿಡಿದು ಹೋಗಬೇಕು. ಈಗ ಶೋಧಗಂಗಾ ತೆರೆದು ಕನ್ನಡ ಪ್ರಬಂಧಗಳ ಶೀರ್ಷಿಕೆ ನೋಡುತ್ತ ಹೋಗಿ, ಧಾರವಾಡದವು ಮಾತ್ರವಲ್ಲ, ಯಾವ ಊರಿನವಾದರೂ ಸರಿ. ‘ಇಂಥವರ ಕಾದಂಬರಿಗಳು: ಒಂದು ಅಧ್ಯಯನ’, ‘ಇಂಥವರ ಬದುಕು ಬರಹ’. ಮೊದಲ ಅಧ್ಯಾಯ ಜೀವನಚರಿತ್ರೆ, ಎರಡನೆಯದು ಕೃತಿಗಳ ಸಾರಾಂಶ, ಕೊನೆಗೆ ಸಮಾರೋಪ. ಪ್ರಶ್ನೆ ಎಲ್ಲಿದೆ ಎಂದು ಹುಡುಕಿ ಸುಸ್ತಾಗುತ್ತೇವೆ. ಇದನ್ನು ಇಂಗ್ಲಿಷ್ ಕೋಶಗಳು ಎಣಿಸಲಿಲ್ಲ ಎಂದು ದೂರುವುದು ಹೇಗೆ?

ಪ್ರಶ್ನೆ ಇದ್ದ ಕಡೆ ಪರಿಣಾಮವೂ ಇತ್ತು. ಮೊದಲ ‘ಮಾರ್ಗ’ ಸಂಪುಟದ ಕೆಲವು ಲೇಖನಗಳಿಗಾಗಿ 1980ರ ದಶಕದ ಕೊನೆಯಲ್ಲಿ ಕಲಬುರ್ಗಿಯವರು ಒತ್ತಡಕ್ಕೆ ಮಣಿದು ತಮ್ಮ ಮಾತು ಹಿಂಪಡೆಯಬೇಕಾಯಿತು. ‘ಮಾರ್ಗ–4’ಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲೇ ಗುಂಡಿಕ್ಕಿ ಕೊಂದರು.

ಇನ್ನು ನಮ್ಮ ಕಡೆಯ ಲೋಪಕ್ಕೆ ಬರುತ್ತೇನೆ. ಆಕರಗಳ ಪಟ್ಟಿಗೆ ಕನ್ನಡದಲ್ಲಿ ಗ್ರಂಥಋಣ ಎಂಬ ಚಂದದ ಹೆಸರಿದೆ. ಅನೇಕ ಪ್ರಬಂಧಗಳ ಕೊನೆಯಲ್ಲಿ ನೂರಿನ್ನೂರು ಪುಸ್ತಕಗಳ ಋಣ ಕಾಣುತ್ತದೆ, ಒಳಗೆ ಯಾವ ಮಾತು ಯಾವ ಪುಟದಿಂದ ಬಂತು ಎಂಬುದು ಮಾತ್ರ ಇರುವುದಿಲ್ಲ. ಸಾಲ ಉಂಟು, ಲೆಕ್ಕ ಇಲ್ಲ. ಇದರ ಜೊತೆಗೆ ಅಕ್ಷರದ ತೊಡಕು. ಯುನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇದೆ. ಆದರೂ ಬಹುಕಾಲ ನಮ್ಮ ಪ್ರಬಂಧಗಳು ಹಳೆಯ ನುಡಿ, ಬರಹ ಫಾಂಟ್‌ಗಳಲ್ಲೇ ತಯಾರಾದವು. ಆ ಫಾಂಟ್‌ಗಳಲ್ಲಿ ಕನ್ನಡದ ಆಕಾರ ಲ್ಯಾಟಿನ್ ಅಕ್ಷರದ ಜಾಗದಲ್ಲಿ ಕೂತಿರುತ್ತದೆ. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಗೊಂದಲ. ಬೇಲಾಪುರದಲ್ಲಿ ಕೂತು ‘ಬಳ್ಳಿಗಾವೆ’ ಎಂದು ಹುಡುಕಿದರೆ ಆ ಪ್ರಬಂಧ ಬರುವುದೇ ಇಲ್ಲ. ಎಷ್ಟೋ ಕಡತಗಳು ಬರೀ ಪುಟದ ಚಿತ್ರಗಳು, ಅವಂತೂ ಹುಡುಕಾಟಕ್ಕೆ ದಕ್ಕುವುದೇ ಇಲ್ಲ. ಇದಕ್ಕೆ ಸ್ಕೋಪಸ್ಸನ್ನು ಬೈಯುವಂತಿಲ್ಲ.

ತೆರೆದಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆಯೂ ಇದೆ. ಕಲಬುರ್ಗಿಯವರು ಪ್ರಧಾನ ಸಂಪಾದಕರಾಗಿದ್ದ ಸಮಗ್ರ ವಚನ ಸಂಪುಟ ಸರ್ಕಾರ ತಂದ 15 ಸಂಪುಟಗಳ ಯೋಜನೆ. ಆ ವಚನಗಳನ್ನು ಬೆಂಗಳೂರಿನ ಕೆಲವು ತಂತ್ರಜ್ಞರು ಸ್ವಂತ ಆಸಕ್ತಿಯಿಂದ ಯುನಿಕೋಡಿಗೆ ತಂದು ‘ವಚನ ಸಂಚಯ’ ಮಾಡಿದರು. ಈಗ ಯಾರು ಬೇಕಾದರೂ ಒಂದು ಪದ ಕೊಟ್ಟು ಅದು ಯಾವ ಶರಣರ ಯಾವ ವಚನದಲ್ಲಿದೆ ಎಂದು ಕ್ಷಣದಲ್ಲಿ ನೋಡಬಹುದು.

ವಿಶ್ವವಿದ್ಯಾಲಯಗಳು ಈ ದಾರಿ ಹಿಡಿಯುವ ಬದಲು ಎಣಿಕೆಯ ಹಿಂದೆ ಬಿದ್ದವು. ನಮ್ಮ ಐಟಿಯಲ್ಲಿ ಮುಚ್ಚಿದ ಟಿಕೆಟ್‌ಗಳ ಸಂಖ್ಯೆ ನೋಡಿ ಅಪ್ರೈಸಲ್ ಮಾಡಿದರೆ ಒಂದು ಟಿಕೆಟ್ ಮೂರಾಗುತ್ತದೆ, ಇದು ಯಾವ ಮ್ಯಾನೇಜರಿಗೂ ಗೊತ್ತು. ಬಡ್ತಿಗೆ ಲೇಖನಗಳ ಸಂಖ್ಯೆ ಕಟ್ಟಿದಾಗಲೂ ಆದದ್ದು ಅದೇ. ಐಎಸ್‌ಎಸ್‌ಎನ್ ಇದೆ, ದುಡ್ಡು ಕೊಟ್ಟರೆ ಅಚ್ಚಾಗುತ್ತದೆ ಎಂಬ ಪತ್ರಿಕೆಗಳು ಅಣಬೆಯಂತೆ ಎದ್ದವು. 2018ರ ಮೇ ತಿಂಗಳಲ್ಲಿ ಯುಜಿಸಿ ತನ್ನ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಒಂದೇ ಏಟಿಗೆ ಕಿತ್ತುಹಾಕಿತು. ಮರುವರ್ಷ ಕೇರ್ ಪಟ್ಟಿ ತಂದಿತು, 2025ರಲ್ಲಿ ಅದನ್ನೂ ಕೈಬಿಟ್ಟಿತು.

ನಮ್ಮ ಸಂಘಗಳು ಊರಿನ ಕಾಲೇಜಿಗೆ ಕಟ್ಟಡದ ದೇಣಿಗೆ ಕೊಡುತ್ತವೆ, ಗೋಡೆಯ ಮೇಲೆ ಹೆಸರು ಬರುತ್ತದೆ, ಸಂತೋಷ. ಶಾಸನ ಸಂಪುಟಗಳು ವಿಶ್ವವಿದ್ಯಾಲಯದ ಸಂಸ್ಥೆಯವೇ, ಹಳೆಯ ಪ್ರಬಂಧಗಳ ಹಕ್ಕು ಮಾತ್ರ ಸಾಮಾನ್ಯವಾಗಿ ಬರೆದವರದು, ಅವಕ್ಕೆ ಅವರ ಅನುಮತಿ ಕೇಳಬೇಕು. ನುಡಿಯಿಂದ ಯುನಿಕೋಡಿಗೆ ತರುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಟೆಸರಾಕ್ಟ್‌ನಂಥ ಉಚಿತ ತಂತ್ರಾಂಶ ಕನ್ನಡದ ಅಚ್ಚುಪುಟ ಓದುತ್ತದೆ. ಹಳೆಯ ಮೊಳೆ ಅಚ್ಚಿನಲ್ಲಿ ತಪ್ಪು ಹೆಚ್ಚು, ತಿದ್ದಲು ಶಾಸನ ಬಲ್ಲ ಇಬ್ಬರು ಸಂಶೋಧನ ವಿದ್ಯಾರ್ಥಿಗಳಿಗೆ ಶಿಷ್ಯವೇತನ ಬೇಕು. 1941ರ ಸಂಪುಟದಿಂದಲೇ ಶುರು ಮಾಡಬಹುದು.